14 ದಿನ ಯಾವಾಗಿಂದ?

ಬೆಂಗಳೂರಿನಲ್ಲಿ ಏನು ಕೆಲಸ ಮಾಡುತ್ತೀ ಎಂದು ಊರಲ್ಲಿ ಕೇಳಿದರೆ ನನಗೆ ಉತ್ತರ ಹೇಳುವುದು ಕಷ್ಟ. ನಾನು ಪ್ರೋಗ್ರಾಂ ಬರೆಯುವವನಲ್ಲ. ಬರೆಯುವವರಿಗೆ ಏನು ಬೇಕೆಂಬುದನ್ನು ಕೇಳಿ ತಿಳಿದು ಬರೆದುಕೊಡುವವನು. ಅದರಲ್ಲಿ ಮುಖ್ಯವಾದದ್ದು 'ಬಿಸಿನೆಸ್ ರೂಲ್'. ಒಂದು ವ್ಯವಹಾರ ಯಾವ ನಿಯಮದಂತೆ ನಡೆಯುತ್ತದೋ ಅದನ್ನು ಒಂದೊಂದೇ ವಾಕ್ಯದಲ್ಲಿ, ಎರಡರ್ಥ ಬಾರದಂತೆ ಬರೆಯಬೇಕು. ಕಂಪ್ಯೂಟರ್ ಇಲ್ಲದಿದ್ದರೂ ಆ ನಿಯಮ ಇರುತ್ತದೆ.

2024-25ರ ಹಂಗಾಮಿನಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಮನೆ ಮುಧೋಳದ ಹತ್ತಿರ. ಜಮಖಂಡಿ, ಬೀಳಗಿ ಕಡೆಯ ನೆಂಟರೂ ಕಬ್ಬು ಬೆಳೆಯುವವರೇ. ನನಗೆ ಗೊತ್ತಿಲ್ಲದ್ದೇನಿದೆ ಎಂದುಕೊಂಡೆ.

ದರದ ನಿಯಮ ಸುಲಭವಾಗಿತ್ತು. ಆ ಹಂಗಾಮಿಗೆ ಕೇಂದ್ರ ಸರಕಾರ ನಿಗದಿ ಮಾಡಿದ್ದ ಎಫ್‌ಆರ್‌ಪಿ, 10.25% ಇಳುವರಿಗೆ ಕ್ವಿಂಟಾಲಿಗೆ 340 ರೂಪಾಯಿ. ಇಳುವರಿ 0.1% ಏರಿದರೆ 3.32 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. ಆದರೆ 9.5%ಕ್ಕಿಂತ ಕೆಳಗೆ ಎಷ್ಟೇ ಇಳಿದರೂ ರೈತನಿಗೆ 315.10 ರೂಪಾಯಿ ಸಿಗಲೇಬೇಕು. ಮೂರು ಸಾಲಿನಲ್ಲಿ ಮುಗಿಯಿತು.

ಹಣ ಕೊಡುವ ನಿಯಮವೂ ಸುಲಭವೆಂದೇ ತೋರಿತು. 1966ರ ಕಬ್ಬು ನಿಯಂತ್ರಣ ಆದೇಶದಂತೆ, ಬೇರೆ ಕರಾರು ಇಲ್ಲದಿದ್ದರೆ, 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ 15% ಬಡ್ಡಿ. ಆಫೀಸಿನಲ್ಲಿ ವಿಚಾರಿಸಿದಾಗ, "ಬಿಲ್ ಆದ ತಾರೀಖಿನಿಂದ ಎಣಿಸ್ತೀವಿ, ಹದಿನೈದು ದಿನಕ್ಕೊಮ್ಮೆ ಬಿಲ್ ಮಾಡ್ತೀವಿ" ಅಂದರು. ಹಾಗೇ ಬರೆದೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಕಾಕಾ ಕಾಟಾ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಜೋಡಿಸುತ್ತಿದ್ದರು. ದೊಡ್ಡಸ್ತಿಕೆಗೆ ನನ್ನ ನಿಯಮವನ್ನು ಓದಿ ಹೇಳಿದೆ. ಅವರು ತಲೆ ಎತ್ತಲಿಲ್ಲ.

"ತಮ್ಮಾ, ಹದಿನಾಕು ದಿನ ಯಾವಾಗಿಂದ ಎಣಸೂದು?"

"ಬಿಲ್ ಆದ ದಿನದಿಂದ ಕಾಕಾ."

"ಬಿಲ್ ಯಾರ ಕೈಯಾಗ ಐತಿ? ನನ್ನ ಕಬ್ಬು ಹೋದದ್ದು ಈ ಚೀಟಿಯಾಗ ಐತಿ ನೋಡು."

ನಾನು ಸುಮ್ಮನಾದೆ. ಆದೇಶದಲ್ಲಿರುವುದು ಕಬ್ಬು ಒಪ್ಪಿಸಿದ ದಿನದಿಂದ ಎಂದು. 1ನೇ ತಾರೀಖು ತೂಕವಾದ ಕಬ್ಬಿಗೆ 16ಕ್ಕೆ ಬಿಲ್ ಆದರೆ, ನನ್ನ ಒಂದು ವಾಕ್ಯದಿಂದ 15 ದಿನ ಮಾಯ. ಹಣ ತಡವಾದಾಗ, ಒಂದು ಲಕ್ಷ ರೂಪಾಯಿ ಬಾಕಿಗೆ ಅದು ಸುಮಾರು 616 ರೂಪಾಯಿ ಬಡ್ಡಿ. ಪದ್ಧತಿಯನ್ನು ನಾನು ನಿಯಮವೆಂದು ಬರೆದಿದ್ದೆ. ಸಾಫ್ಟ್‌ವೇರಿಗೆ ಒಮ್ಮೆ ಸೇರಿದ ಮೇಲೆ "ಕಂಪ್ಯೂಟರ್ ಹಂಗ ತೋರಸ್ತೈತಿ" ಅಂದುಬಿಡುತ್ತಾರೆ. ಆಮೇಲೆ ಜಗಳ ಆಡುವುದು ಯಾರ ಜೊತೆ?

ಮರುದಿನ ಬನಹಟ್ಟಿಯ ಅತ್ತೆಯ ಮನೆಗೆ ಹೋಗಿದ್ದೆ. ಅಲ್ಲಿ ಪವರ್‌ಲೂಮ್ ಸದ್ದಿನ ನಡುವೆಯೂ ಅದೇ ಯೋಚನೆ. ನೇಯ್ದ ಸೀರೆಗೆ ಇಷ್ಟು ಕೂಲಿ ಎಂಬುದು ಎಲ್ಲರಿಗೂ ಗೊತ್ತು. ಸೀರೆಯಲ್ಲಿ ದೋಷ ಬಂದರೆ? ಯಾವುದು ದೋಷ, ಅದನ್ನು ಹೇಳುವವರು ಯಾರು? ಕೇಳಿದ್ದಕ್ಕೆ ಅತ್ತೆ ನಕ್ಕರು: "ಮಾಲಕರು ಹೇಳಿದ್ದ ದೋಷ."

ಬೆಂಗಳೂರಿಗೆ ಬಂದು ಆ ಒಂದು ವಾಕ್ಯವನ್ನು ಒಡೆದು ಮೂರು ಮಾಡಿದೆ. ಒಂದು, ಅರ್ಥ: ಕಬ್ಬು ಒಪ್ಪಿಸಿದ ದಿನವೆಂದರೆ ಕಾಟಾ ಚೀಟಿಯಲ್ಲಿರುವ ತಾರೀಖು. ಎರಡು, ಕಟ್ಟುಪಾಡು: ಆ ದಿನದಿಂದ 14 ದಿನದೊಳಗೆ ಪಾವತಿ. ಮೂರು, ಲೆಕ್ಕ: 15ನೇ ದಿನದಿಂದ ಬಡ್ಡಿ. ಪ್ರತಿ ನಿಯಮದ ಮುಂದೆ ಅದು ಎಲ್ಲಿಂದ ಬಂತೆಂದು ಬರೆಯಲು ಒಂದು ಕಾಲಂ ಸೇರಿಸಿದೆ: ಸರಕಾರಿ ಆದೇಶವೋ, ಕರಾರೋ, ಬರೀ ರೂಢಿಯೋ. ಮೀಟಿಂಗಿನಲ್ಲಿ ಆ ಕಾಲಂ ನೋಡಿ ಕೆಲವರು ಮುಖ ಸಿಂಡರಿಸಿದರು. ಆದರೆ ಆದೇಶದ ಪ್ರತಿ ಮೇಜಿನ ಮೇಲಿತ್ತು, ಅಲ್ಲಗಳೆಯಲಾಗಲಿಲ್ಲ.

ಫೋನ್ ಮಾಡಿ ಕಾಕಾಗೆ ಹೇಳಿದೆ. "ಇನ್ನ ರೊಕ್ಕ ಬೇಗ ಬರ್ತೈತೇನು?" ಎಂದು ಕೇಳಿದರು. ಅದನ್ನು ಸಾಫ್ಟ್‌ವೇರ್ ಮಾಡಲಾರದು, ಎಷ್ಟು ದಿನ ತಡವಾಯಿತೆಂದು ಸುಳ್ಳಿಲ್ಲದೆ ತೋರಿಸುತ್ತದೆ ಅಷ್ಟೇ ಎಂದೆ. "ಅಷ್ಟಾದ್ರ ಸಾಕು," ಅಂದರು, "ನಾನೂ ಚೀಟಿ ಇಟ್ಕೊಂಡೀನಿ."