ಸೆಲ್ಮಾದ ಸಾಲು

ಅಮೆರಿಕದ ದಕ್ಷಿಣ ಭಾಗದಲ್ಲಿ ಅಲಬಾಮಾ ಎಂಬ ರಾಜ್ಯ. ಅದರ ರಾಜಧಾನಿ ಮಾಂಟ್‌ಗೊಮೆರಿಯಿಂದ ಪಡುವಣಕ್ಕೆ ಸುಮಾರು 50 ಮೈಲಿ ಸಾಗಿದರೆ ಅಲಬಾಮಾ ನದಿ ಎದುರಾಗುತ್ತದೆ. ನದಿಯ ಆಚೆಯ ಎತ್ತರದ ದಡದ ಮೇಲೆ ಸೆಲ್ಮಾ ಪಟ್ಟಣ. ಸುತ್ತಣ ನೆಲ ನಮ್ಮ ಧಾರವಾಡ ಸೀಮೆಯ ಎರೆಭೂಮಿಯನ್ನು ನೆನಪಿಗೆ ತರುವಂಥದು. ಅಲ್ಲಿಯಂತೆ ಇಲ್ಲಿಯೂ ಹತ್ತಿಯೇ ಐಶ್ವರ್ಯವಾಗಿದ್ದ ಕಾಲವೊಂದಿತ್ತು. ಆ ಹತ್ತಿಯನ್ನು ಬಿಡಿಸಿದ ಕೈಗಳು ಗುಲಾಮರವು.

ಪಟ್ಟಣವನ್ನು ಹೊಗಲು ಉಕ್ಕಿನ ಕಮಾನಿನ ಸೇತುವೆಯೊಂದನ್ನು ದಾಟಬೇಕು. ನಡುಮಧ್ಯದಲ್ಲಿ ಅದು ಉಬ್ಬಿರುವುದರಿಂದ ಈ ತುದಿಯಲ್ಲಿ ನಿಂತವರಿಗೆ ಆ ತುದಿ ಕಾಣದು. 1940ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಗೆ ಎಡ್ಮಂಡ್ ಪೆಟಸ್ ಎಂಬಾತನ ಹೆಸರಿದೆ. ಗುಲಾಮಗಿರಿಯ ಉಳಿವಿಗಾಗಿ ಕಾದಿದ ದಕ್ಷಿಣದ ಸೈನ್ಯದಲ್ಲಿ ಸೇನಾನಿಯಾಗಿದ್ದು, ಬಳಿಕ ಸೆನೆಟಿನ ಸದಸ್ಯನಾದವನು ಆತ.

ಪ್ರವಾಸಿಗರು ಸೇತುವೆಯ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಆದರೆ ಸೆಲ್ಮಾದ ಕಥೆಯನ್ನು ಅರಿಯಲು ಊರೊಳಕ್ಕೆ ನಡೆದು ಡಲ್ಲಾಸ್ ಕೌಂಟಿಯ ನ್ಯಾಯಾಲಯದ ಮುಂದೆ ನಿಲ್ಲಬೇಕು. ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಒಂದು ವಿಭಾಗ. ಮತದಾರರ ನೋಂದಣಿ ನಡೆಯುತ್ತಿದ್ದುದು ಈ ನ್ಯಾಯಾಲಯದ ಕಟ್ಟಡದಲ್ಲಿಯೇ.

ವರ್ಣದ ಕಾರಣದಿಂದ ಯಾರಿಗೂ ಮತದ ಹಕ್ಕನ್ನು ನಿರಾಕರಿಸಲಾಗದೆಂದು ಅಮೆರಿಕದ ಸಂವಿಧಾನಕ್ಕೆ 1870ರಲ್ಲಿಯೇ ತಿದ್ದುಪಡಿಯಾಗಿತ್ತು. ಹಾಗಿದ್ದೂ, 1960ರ ದಶಕದ ಆರಂಭದಲ್ಲಿ ಈ ಕೌಂಟಿಯ ವಯಸ್ಕ ಕಪ್ಪು ಜನರಲ್ಲಿ ನೂರಕ್ಕೆ ಸುಮಾರು ಇಬ್ಬರ ಹೆಸರು ಮಾತ್ರ ಪಟ್ಟಿಯಲ್ಲಿತ್ತು; ಜನಸಂಖ್ಯೆಯಲ್ಲಿ ಅವರು ಅರ್ಧಕ್ಕಿಂತ ಹೆಚ್ಚು! ನಮ್ಮಲ್ಲಿ ಸರ್ಕಾರದ ಸಿಬ್ಬಂದಿಯೇ ಮನೆಮನೆಗೆ ಬಂದು ಹೆಸರು ಬರೆದುಕೊಳ್ಳುವುದು ವಾಡಿಕೆ. ಅಲ್ಲಿ ಪ್ರಜೆಯೇ ಕಚೇರಿಗೆ ಹೋಗಿ ಬೇಡಬೇಕು. ಆ ಕಚೇರಿಯೋ, ತಿಂಗಳಿಗೆ ಎರಡೇ ದಿನ ತೆರೆಯುತ್ತಿತ್ತು. ಒಳಗೆ ಉದ್ದುದ್ದನೆಯ ಅರ್ಜಿ, ಸಂವಿಧಾನದ ಮೇಲೆ ಪ್ರಶ್ನೆಗಳು. ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುವವರು ಬಿಳಿಯ ಅಧಿಕಾರಿಗಳು. ಇಷ್ಟು ಸಾಲದೆಂಬಂತೆ, ಈಗಾಗಲೇ ಪಟ್ಟಿಯಲ್ಲಿರುವ ಮತದಾರನೊಬ್ಬ ಅರ್ಜಿದಾರನ ಪರವಾಗಿ ಸಾಕ್ಷಿ ನುಡಿಯಬೇಕು. ಪಟ್ಟಿಯಲ್ಲಿ ತಮ್ಮವರೇ ಇಲ್ಲದವರು ಸಾಕ್ಷಿಯನ್ನು ಎಲ್ಲಿಂದ ತಂದಾರು?

1963ರ ಅಕ್ಟೋಬರ್ 7ರಂದು ಸುಮಾರು 350 ಮಂದಿ ಈ ಕಟ್ಟಡದ ಹೊರಗೆ ಸಾಲು ನಿಂತರು. ಬಿಸಿಲೇರಿತು, ಸಾಲು ಅಲುಗದು. ಬಾಯಾರಿದವರು ಸಾಲು ಬಿಟ್ಟು ಹೋಗುವಂತಿಲ್ಲ. ಹೋದರೆ ಜಾಗ ಹೋಯಿತು. ಅವರಿಗೆ ಆಹಾರ ನೀರು ಒಯ್ದ ಇಬ್ಬರು ತರುಣರನ್ನು ಪೊಲೀಸರು ನೆಲಕ್ಕೆ ಕೆಡವಿ ಹೊಡೆದರು. ಬೀದಿಯ ಆಚೆ ಬದಿಯಲ್ಲಿ ಕೇಂದ್ರ ಸರ್ಕಾರದ ಕಚೇರಿ. ಅದರ ಅಧಿಕಾರಿಗಳು ನೋಡುತ್ತ ನಿಂತಿದ್ದರು.

1965ರ ಜನವರಿ 22ರಂದು ಊರಿನ ಕಪ್ಪು ಉಪಾಧ್ಯಾಯರು ನೂರಕ್ಕೂ ಹೆಚ್ಚು ಮಂದಿ ಅದೇ ಮೆಟ್ಟಿಲುಗಳ ಬಳಿಗೆ ಬಂದರು. ಮಕ್ಕಳಿಗೆ ಪೌರನೀತಿಯನ್ನು ಕಲಿಸುವವರಿಗೇ ಮತವಿರಲಿಲ್ಲ. ಸೆರೆಮನೆಗೂ ಸಿದ್ಧವೆಂದು ತೋರಿಸಲು ಅವರು ಹಲ್ಲುಜ್ಜುವ ಬ್ರಷ್ಷುಗಳನ್ನು ಕೈಯಲ್ಲಿ ಹಿಡಿದಿದ್ದರು. ಷೆರೀಫ್ ಜಿಮ್ ಕ್ಲಾರ್ಕ್ ಮತ್ತು ಅವನ ಕಡೆಯವರು ಅವರನ್ನು ದೊಣ್ಣೆಗಳಿಂದ ಮೆಟ್ಟಿಲಿನ ಕೆಳಕ್ಕೆ ತಳ್ಳಿದರು. ಉಪಾಧ್ಯಾಯರು ಮತ್ತೆ ಹತ್ತಿದರು.

ಸೇತುವೆಯ ಪ್ರಸಂಗ ಬಂದುದು ಇದರ ಬಳಿಕ. ಮಾರ್ಚ್ 7ರ ಭಾನುವಾರ ಬ್ರೌನ್ ಚಾಪೆಲ್ ಎಂಬ ಇಗರ್ಜಿಯಿಂದ ಸುಮಾರು 600 ಮಂದಿ ರಾಜಧಾನಿಯತ್ತ ಕಾಲ್ನಡಿಗೆಯಲ್ಲಿ ಹೊರಟರು. ಸೇತುವೆಯ ಉಬ್ಬನ್ನು ಏರಿದಾಗಲೇ ಅವರಿಗೆ ಎದುರಿನ ಪೊಲೀಸ್ ಪಡೆ ಕಂಡದ್ದು. ಅಶ್ರುವಾಯು, ಲಾಠಿ, ಕುದುರೆ ಸವಾರರು. ಮುಂದಾಳು ಜಾನ್ ಲೂಯಿಸ್‌ನ ತಲೆಬುರುಡೆ ಒಡೆಯಿತು. ಅಮೇಲಿಯಾ ಬಾಯ್ನ್‌ಟನ್ ಪ್ರಜ್ಞೆ ತಪ್ಪಿ ಬಿದ್ದರು. 1930ರ ದಶಕದಲ್ಲಿಯೇ ಮತದಾರಳಾಗಿದ್ದ ಆಕೆ ಮೂವತ್ತು ವರ್ಷ ಇತರರಿಗಾಗಿ ದುಡಿದವರು. ಆ ರಾತ್ರಿ ದೂರದರ್ಶನದಲ್ಲಿ ನಾಜಿಗಳ ವಿಚಾರಣೆಯನ್ನು ಕುರಿತ ಚಲನಚಿತ್ರವನ್ನು ನಡುವೆ ನಿಲ್ಲಿಸಿ ಸೆಲ್ಮಾದ ದೃಶ್ಯಗಳನ್ನು ತೋರಿಸಿದರು. ದೇಶ ಬೆಚ್ಚಿತು. ಮಾರ್ಚ್ 25ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ನೇತೃತ್ವದ ನಡಿಗೆ ಮಾಂಟ್‌ಗೊಮೆರಿಯನ್ನು ಮುಟ್ಟಿತು. ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾನೂನಿಗೆ ರಾಷ್ಟ್ರಾಧ್ಯಕ್ಷ ಜಾನ್ಸನ್ ಸಹಿ ಹಾಕಿದರು.

ಹೆಸರು ಪಟ್ಟಿಗೆ ಸೇರಿದರೂ ಮತ ಎಣಿಕೆಯಾಗಬೇಕಷ್ಟೆ! 1966ರ ಮೇ ತಿಂಗಳಲ್ಲಿ ಷೆರೀಫನ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ ನಡೆದಾಗ, ಕಪ್ಪು ಜನರು ಮತ ಹಾಕಿದ ಆರು ಪೆಟ್ಟಿಗೆಗಳನ್ನು ಲೆಕ್ಕಕ್ಕೆ ಹಿಡಿಯಲಾಗದೆಂದು ಪಕ್ಷದ ಸ್ಥಳೀಯ ಸಮಿತಿ ಹಟ ಹಿಡಿಯಿತು. ಕೇಂದ್ರ ನ್ಯಾಯಾಲಯದ ಆಜ್ಞೆಯಿಂದ ಅವನ್ನು ಎಣಿಸಿದರು. ಕ್ಲಾರ್ಕ್ ಸೋತ. 2000ದಲ್ಲಿ ಊರು ತನ್ನ ಮೊದಲ ಕಪ್ಪು ಮೇಯರನ್ನು ಆರಿಸಿತು.

ಇದೇ ಅಲಬಾಮಾದ ಷೆಲ್ಬಿ ಕೌಂಟಿ ಹೂಡಿದ ದಾವೆಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು 1965ರ ಕಾನೂನಿನ ಮುಖ್ಯ ಭಾಗವೊಂದನ್ನು ರದ್ದುಪಡಿಸಿತು. ಚುನಾವಣೆಯ ನಿಯಮ ಬದಲಿಸುವ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕೆಂಬ ನಿರ್ಬಂಧ ಹಾಗೆ ತಪ್ಪಿತು. ಮುಂದಿನ ವರ್ಷದಿಂದ ರಾಜ್ಯದಲ್ಲಿ ಮತ ಹಾಕಲು ಭಾವಚಿತ್ರದ ಗುರುತುಪತ್ರ ಕಡ್ಡಾಯವಾಯಿತು. ಬಹುಮಂದಿಗೆ ಆ ಗುರುತುಪತ್ರವೆಂದರೆ ಮೋಟಾರು ಚಾಲನೆಯ ಲೈಸೆನ್ಸು.

2015ರ ಮಾರ್ಚ್ 7ರಂದು, ನಡಿಗೆಯ ಐವತ್ತನೆಯ ವರ್ಷದಲ್ಲಿ, ನೂರು ದಾಟಿದ ಅಮೇಲಿಯಾ ಬಾಯ್ನ್‌ಟನ್ ಗಾಲಿಕುರ್ಚಿಯಲ್ಲಿ ಕುಳಿತು, ರಾಷ್ಟ್ರಾಧ್ಯಕ್ಷ ಒಬಾಮಾ ಅವರ ಕೈ ಹಿಡಿದು ಸೇತುವೆಯ ಮೇಲೆ ಸಾಗಿದರು. ಆಗಸ್ಟಿನಲ್ಲಿ ಆಕೆ ತೀರಿಕೊಂಡರು. ಅದೇ ವರ್ಷ ಮಳೆಗಾಲ ಮುಗಿದು ನಮ್ಮಲ್ಲಿ ದಸರೆ ಹತ್ತಿರವಾಗುತ್ತಿದ್ದಾಗ, ಖರ್ಚಿನ ಕಾರಣ ಹೇಳಿ ಅಲಬಾಮಾ ಸರ್ಕಾರ 31 ಲೈಸೆನ್ಸು ಕಚೇರಿಗಳನ್ನು ಮುಚ್ಚುವುದಾಗಿ ಸಾರಿತು. ಎರೆಭೂಮಿಯ ಸೀಮೆಯಲ್ಲಿ ಕಪ್ಪು ಜನರೇ ಹೆಚ್ಚಾಗಿರುವ ಹಲವು ಕೌಂಟಿಗಳು ಆ ಪಟ್ಟಿಯಲ್ಲಿದ್ದವು. ಜನ ಕೂಗೆಬ್ಬಿಸಿದ ಮೇಲೆ ಸರ್ಕಾರ ತುಸು ಸಡಿಲಗೊಂಡು, ಆ ಕಚೇರಿಗಳ ಬಾಗಿಲನ್ನು ತಿಂಗಳಿಗೆ ಒಂದು ದಿನ ತೆರೆಯಲು ಒಪ್ಪಿತು.