ನಿಲ್ಲದ ಮಳೆ, ನಿಲ್ಲಿಸಬಾರದ ಗಾಡಿ!

ಶೂಟಿಂಗ್ ನೋಡಲು ಹೋದವರಿಗೆಲ್ಲ ಕ್ಯಾರವಾನ್ ಗೊತ್ತು. ಹೀರೋ ಒಳಗೆ ತಣ್ಣಗೆ ಕೂತಿರುತ್ತಾರೆ, ನಾವು ಬಿಸಿಲಲ್ಲಿ ನಿಂತು ಬಾಗಿಲು ಯಾವಾಗ ತೆರೆದೀತು ಅಂತ ಕಾಯುತ್ತಿರುತ್ತೇವೆ. ಸಿನಿಮಾ ಮಳೆಯೂ ಗೊತ್ತು. ಟ್ಯಾಂಕರ್ ನೀರು, ಮೇಲೆ ತೂತಿನ ಪೈಪು, ಹನಿ ಮಿಂಚಲೆಂದು ಹಿಂದಿನಿಂದ ದೊಡ್ಡ ಲೈಟು. ಆ ಬೆಳಕಿಲ್ಲದಿದ್ದರೆ ಎಂಥ ಮಳೆಯೂ ಕ್ಯಾಮೆರಾಕ್ಕೆ ಸರಿಯಾಗಿ ಕಾಣದು. ಡೈರೆಕ್ಟರ್ ‘ಕಟ್’ ಅಂದರೆ ಮಳೆ ನಿಂತ ಹಾಗೆಯೇ!

ಆದರೆ ಕರಾವಳಿಯ ಆಷಾಢದ ಮಳೆಗೆ ‘ಕಟ್’ ಹೇಳುವ ಡೈರೆಕ್ಟರ್ ಇನ್ನೂ ಹುಟ್ಟಿಲ್ಲ ಸ್ವಾಮಿ!

2025ರ ಜುಲೈ. ಶಿವಮೊಗ್ಗದ ನನ್ನ ಗೆಳೆಯರಿಬ್ಬರು ಕ್ಯಾಂಪರ್ ವ್ಯಾನ್ ಒಂದನ್ನು ಬಾಡಿಗೆಗೆ ಹಿಡಿದು ಕಡಲ ಕಡೆ ಹೊರಟರು. ಒಬ್ಬ ಗ್ಯಾರೇಜ್ ಇಟ್ಟವ. ಇನ್ನೊಬ್ಬ ಎಲೆಕ್ಟ್ರಿಷಿಯನ್, ಆಗಸ್ಟಿನಲ್ಲಿ ಮಸ್ಕತ್‌ಗೆ ಹಾರುವವ. ಎರಡು ವರ್ಷ ಊರಿನ ಮುಖ ನೋಡುವಂತಿಲ್ಲ. ವ್ಯಾನಿನೊಳಗೆ ಹಲಗೆ ಮಂಚ, ಒಂದು ಸಣ್ಣ ಗ್ಯಾಸ್ ಒಲೆ, ನೀರಿನ ಕ್ಯಾನು. ನಾಲ್ಕನೇ ದಿನ ಫೋನ್ ಬಂತು.

“ಲೋ, ಒಂದೆರಡು ದಿನ ಬಂದು ಹೋಗೋ. ಬರ್ತಾ ಒಣಗಿರೋ ಲುಂಗಿ ತಗೊಂಡ್ ಬಾ!”

ಹೊರಟೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಮಿನಿ ಬಸ್ಸು ಮೋಡದೊಳಗೇ ಇಳಿಯಿತು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದ ಆಗುಂಬೆ ಇದೇ ಅಂತ ಪಕ್ಕದವರಿಗೆ ತೋರಿಸೋಣವೆಂದರೆ ಕಿಟಕಿಯಾಚೆ ಬರೀ ಬಿಳಿ ಗೋಡೆ! ಉಡುಪಿಯಲ್ಲಿ ಬಸ್ ಬದಲಿಸಿ, ಕುಂದಾಪುರ ದಾಟಿ ಮರವಂತೆಗೆ ಬಂದಾಗ ಮಧ್ಯಾಹ್ನ.

ಮರವಂತೆ ನೋಡದವರಿಗೆ ಹೇಳಬೇಕು. ರಾಷ್ಟ್ರೀಯ ಹೆದ್ದಾರಿ 66ರ ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಬೇಸಿಗೆಯಲ್ಲಿ ಇದು ಕ್ಯಾಲೆಂಡರ್ ಚಿತ್ರ. ಜುಲೈನಲ್ಲಿ ಅಲೆ ಬಂದು ದಡದ ಬಂಡೆಗೆ ಬಡಿದರೆ ಉಪ್ಪುನೀರಿನ ಹನಿ ನೇರ ಮುಖಕ್ಕೆ. ಎಡಕ್ಕೂ ನೀರು, ಬಲಕ್ಕೂ ನೀರು, ಮೇಲಿನಿಂದಲೂ ನೀರು.

ವ್ಯಾನಿನ ಬಾಗಿಲು ತೆಗೆದರೆ ಒದ್ದೆ ಕಂಬಳಿಯ ವಾಸನೆ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಮಂಚದ ಮೇಲೆ ಮಳೆ. ಚಾವಣಿ ಒಂದು ಮೂಲೆಯಲ್ಲಿ ಸೋರುತ್ತಿತ್ತು. ಅದಕ್ಕಿಂತ ಕಷ್ಟದ ಸಂಗತಿ, ಇಬ್ಬರಿಗೂ ಮಾತಿಲ್ಲ! ಗ್ಯಾರೇಜಿನವ ವಾಪಸ್ ಹೋಗೋಣ ಅಂತಾನೆ, ಮಸ್ಕತ್‌ನವ ಗೋಕರ್ಣದವರೆಗೆ ಹೋಗಲೇಬೇಕು ಅಂತಾನೆ.

“ಅವನಿಗೆ ಹೇಳು, ಡೀಸೆಲ್ ನನ್ನ ದುಡ್ಡು ಅಂತ.”

“ಅವನಿಗೂ ಹೇಳು, ಸ್ಟೀರಿಂಗ್ ನನ್ನ ಕೈಲಿದೆ ಅಂತ.”

ನಡುವೆ ನಾನು ಡಬ್ಬಿಂಗ್ ಕಲಾವಿದ!

ಮೀನೂಟವಾದರೂ ಮಾಡೋಣ ಅಂದರೆ ತಾಜಾ ಮೀನಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಸಣ್ಣ ಹೋಟೆಲೊಂದರಲ್ಲಿ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಸಿಕ್ಕಿತು. ನಿಜ ಹೇಳುತ್ತೇನೆ, ಆ ಮಳೆಗೆ ಅದೇ ರಾಜಭೋಜನ.

ಸಂಜೆ ಉತ್ತರಕ್ಕೆ ಹೊರಟೆವು. ಬೈಂದೂರು ದಾಟಿದ ಮೇಲೆ ಒಂದು ಕಡೆ ಗುಡ್ಡ ಕಡಿದು ರಸ್ತೆ ಮಾಡಿದ್ದಾರೆ. ಪಕ್ಕದಲ್ಲಿ ಅಗಲವಾದ ಜಾಗ, ಮೇಲಿನಿಂದ ಇಳಿಯುವ ಪುಟ್ಟ ತೊರೆ. “ಸಾಂಗ್ ಸೀನ್ ಇದ್ದಂಗಿದೆ! ರಾತ್ರಿ ಇಲ್ಲೇ” ಅಂದ ಮಸ್ಕತ್‌ನವ. ಅಲ್ಲೇ ಚಹಾದಂಗಡಿ ಮುಚ್ಚುತ್ತಿದ್ದ ಅಜ್ಜಿಯೊಬ್ಬರು ಕೊಡೆ ಹಿಡಿದು ಬಂದರು.

“ಹ್ವಾಯ್, ಇಲ್ಲ್ ಗಾಡಿ ನಿಲ್ಸ್‌ಬೇಡಿ ಮಾರಾಯ್ರೆ. ನೀರ್ ಕಾಣಿ, ಕೆಂಪಾಯ್ತ್.”

ಬೆಳಿಗ್ಗೆ ತಿಳಿಯಾಗಿ ಇಳಿಯುತ್ತಿದ್ದ ನೀರು ಕೆಂಪಾದರೆ ಗುಡ್ಡದ ಮಣ್ಣು ಕರಗಿ ಬರುತ್ತಿದೆ ಅಂತ ಅರ್ಥ. ಅಜ್ಜಿ ಒಂದೇ ಊರಿನ ಹೆಸರು ಹೇಳಿದರು. ಶಿರೂರು. ಬೈಂದೂರಿನ ಹತ್ತಿರದ ಶಿರೂರಲ್ಲ, ಅಂಕೋಲಾ ತಾಲೂಕಿನದು. 2024ರ ಜುಲೈ 16ರಂದು ಇದೇ ಹೆದ್ದಾರಿ 66ರ ಮೇಲೆ ಅಲ್ಲಿ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಹೋಟೆಲು, ಅಲ್ಲಿ ನಿಂತಿದ್ದ ಗಾಡಿಗಳು, ಎಲ್ಲ ಗಂಗಾವಳಿ ನದಿಯ ಪಾಲು. ಕೇರಳದ ಒಂದು ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, ಒಳಗೆ ಚಾಲಕನ ಶವದ ಸಮೇತ. ಅತಿವೇಗವೂ ಇಲ್ಲ, ಓವರ್‌ಟೇಕೂ ಇಲ್ಲ. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿದ್ದರು, ಅಷ್ಟೆ.

ಮೂವರೂ ಸುಮ್ಮನಾದೆವು. ಗ್ಯಾರೇಜಿನವ ಕೀಲಿ ತಿರುಗಿಸಿ, “ಟಾರ್ಚ್ ಹಿಡ್ಕೊಂಡು ಹಿಂದೆ ನೋಡೋ, ರಿವರ್ಸ್ ತಗೋತೀನಿ” ಅಂದ. ಎರಡು ದಿನದ ಮೇಲೆ ಗೆಳೆಯನಿಗೆ ಅವನಾಡಿದ ಮೊದಲ ಮಾತು ಅದು!

ಭಟ್ಕಳದ ಹತ್ತಿರ ಪೆಟ್ರೋಲ್ ಬಂಕಿನವರನ್ನು ಕೇಳಿ, ಸಮತಟ್ಟು ಜಾಗದಲ್ಲಿ ಲೈಟಿನ ಕೆಳಗೆ ನಿಲ್ಲಿಸಿದೆವು. ಸೋರುವ ಮೂಲೆಗೆ ಟಾರ್ಪಾಲು ಬಿಗಿದದ್ದಾಯಿತು. ಕಿಟಕಿ ಮುಚ್ಚಿ ಗ್ಯಾಸ್ ಹಚ್ಚಿದರೆ ವಿಷಗಾಳಿ ತುಂಬೀತೆಂದು ಚಹಾ ಬಂಕಿನ ಪಕ್ಕದ ಡಬ್ಬಿ ಅಂಗಡಿಯಲ್ಲೇ ಕುಡಿದೆವು. ನಾನು ತಂದಿದ್ದ ಮೂರು ಒಣ ಲುಂಗಿ ಮೂವರಿಗೂ ಬಂತು. ಆಮೇಲೆ ಮಾತು ಶುರು. ‘ಮಿಂಚಿನ ಓಟ’ದಲ್ಲಿ ಅಣ್ಣ ಮೇಲೋ ತಮ್ಮ ಮೇಲೋ ಅಂತ ಜಗಳ! ಅನಂತನಾಗ್ ಬಾಲ್ಯ ಕಳೆದ ಶಿರಾಲಿ ಅಲ್ಲೇ ಮುಂದೆ, ಶಂಕರಣ್ಣ ಹುಟ್ಟಿದ ಹೊನ್ನಾವರ ಸೀಮೆ ಇನ್ನೂ ಸ್ವಲ್ಪ ಮುಂದೆ.

ಮಧ್ಯರಾತ್ರಿ ಮಸ್ಕತ್‌ನವ ಮೆಲ್ಲಗೆ ಹೇಳಿದ. “ಅಲ್ಲಿ ಮಳೆ ಅಪರೂಪವಂತೆ ಕಣೋ. ಹೋಗೋ ಮುಂಚೆ ಸರಿಯಾಗಿ ನೆನೀಬೇಕು ಅನ್ನಿಸ್ತು.”

“ಥೂ, ಮೊದ್ಲೇ ಹೇಳೋದಲ್ವೇನೋ!” ಅಂದ ಗ್ಯಾರೇಜಿನವ. ಅವನ ಗಂಟಲು ಕಟ್ಟಿತ್ತು. ಮಳೆಯ ಶೀತ ಅಂತ ನಾವು ಸುಮ್ಮನಿದ್ದೆವು.

ಬೆಳಿಗ್ಗೆ ಮುರುಡೇಶ್ವರ. 123 ಅಡಿಯ ಶಿವ ಸೊಂಟದ ಮೇಲೆ ಮೋಡದಲ್ಲಿ ಮಾಯ, 20 ಅಂತಸ್ತಿನ ರಾಜಗೋಪುರದ ತುದಿಯೂ ಇಲ್ಲ. ಇಳಿಯಲು ಹೊರಟವರನ್ನು ಸಮುದ್ರವೇ ಗದರಿಸುತ್ತಿತ್ತು. ನಾನು ಬಸ್ ಹತ್ತಿದೆ. ಅವರಿಬ್ಬರು ಹಗಲಲ್ಲೇ ಓಡಿಸಿ ಗೋಕರ್ಣ ಸೇರಿದರು.

ನೀವೂ ಹೋಗಿ, ಬೇಡ ಅನ್ನುವುದಿಲ್ಲ. ಟಾರ್ಪಾಲು, ಹಗ್ಗ, ಟಾರ್ಚು ಇರಲಿ. ಕಡಿದ ಗುಡ್ಡದ ಬುಡ, ತೊರೆಯ ದಾರಿ, ನದಿಯ ಅಂಚು, ಈ ಮೂರು ಕಡೆ ರಾತ್ರಿ ಗಾಡಿ ಹಾಕಬೇಡಿ. ಎಷ್ಟೇ ಸುಂದರವಾಗಿರಲಿ, ನಿಲ್ಲಿಸುವ ಮುಂಚೆ ಊರಿನವರನ್ನು ಒಂದು ಮಾತು ಕೇಳಿ.

ಮಸ್ಕತ್‌ನವ ಆಗಸ್ಟಿನಲ್ಲಿ ಹಾರಿದ. ನನ್ನ ಲುಂಗಿಯೂ ಅವನ ಜೊತೆ ಹಾರಿದೆ!