ಕಾಫಿಯಂತ್ರದ ಜೀರ್ಣೋದ್ಧಾರ

ಕೆಟ್ಟುಹೋದ ವಸ್ತುವನ್ನು ಮತ್ತೆ ನಡೆಯುವಂತೆ ಮಾಡುವುದು ಬೇರೆ, ಅದನ್ನು ಸರಿಪಡಿಸುವುದು ಬೇರೆ. ಎರಡನ್ನೂ ದುರಸ್ತಿಯೆಂಬ ಒಂದೇ ಮಾತಿನಿಂದ ಕರೆಯುವುದು ಲೋಕರೂಢಿಯಾಗಿರುವುದರಿಂದ ಇವುಗಳ ನಡುವಣ ಅಂತರವು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ನಿಂತ ಗಡಿಯಾರವನ್ನು ಅಲುಗಿಸಿದರೆ ಅದು ನಾಲ್ಕು ಗಳಿಗೆ ನಡೆದೀತು. ಸೋರುವ ಮಾಡಿನ ಕೆಳಗೆ ಪಾತ್ರೆಯನ್ನಿಟ್ಟರೆ ನೆಲವು ಒದ್ದೆಯಾಗದೆ ಇದ್ದೀತು. ಗಡಿಯಾರ ಮಾಡುಗಳ ವಿಷಯದಲ್ಲಿ ಈ ಭೇದವನ್ನು ಮರೆತರೆ ಆಗುವ ನಷ್ಟ ಅಲ್ಪ. ನೀರು, ಬೆಂಕಿ, ವಿದ್ಯುತ್ತು ಈ ಮೂರೂ ಒಂದೇ ಪೆಟ್ಟಿಗೆಯಲ್ಲಿ ವಾಸಮಾಡುವ ಯಂತ್ರದ ವಿಷಯದಲ್ಲಿ ಮರೆತರೆ ಪ್ರಾಣಕ್ಕೇ ಸಂಚಕಾರ ಬರುವುದುಂಟು. ಬಯಲುಸೀಮೆಯ ಊರೊಂದರಲ್ಲಿ ಗೃಹಸ್ಥರೊಬ್ಬರು ತಮ್ಮ ಮನೆಯ ಎಸ್‌ಪ್ರೆಸೊ ಕಾಫಿಯಂತ್ರವನ್ನು ಸ್ವಹಸ್ತದಿಂದ ಸರಿಪಡಿಸಿದ ಪ್ರಸಂಗವು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಕನ್ನಡನಾಡಿನ ಮನೆಗಳಲ್ಲಿ ಕಾಫಿಯೆಂದರೆ ಫಿಲ್ಟರಿನ ಕಾಫಿ. ಮೇಲಿನ ಪಾತ್ರೆಯಲ್ಲಿ ಪುಡಿ, ಅದರ ಮೇಲೆ ಕುದಿನೀರು. ಮಿಕ್ಕ ಕೆಲಸವನ್ನೆಲ್ಲ ಭೂಮಿಯ ಆಕರ್ಷಣಶಕ್ತಿಯೇ ಮಾಡಿಕೊಡುತ್ತದೆ. ಕಷಾಯವು ತೊಟ್ಟುತೊಟ್ಟಾಗಿ ಇಳಿಯುವಷ್ಟರಲ್ಲಿ ಮನೆಯವರು ಸ್ನಾನಸಂಧ್ಯೆಗಳನ್ನು ಮುಗಿಸಬಹುದು. ಇಟಲಿಯವರಿಗೆ ಈ ತಾಳ್ಮೆ ಒಗ್ಗಲಿಲ್ಲ. 1884ರಲ್ಲಿ ಟ್ಯೂರಿನ್ ನಗರದ ವಸ್ತುಪ್ರದರ್ಶನದಲ್ಲಿ ಆಂಜೆಲೊ ಮೊರಿಯೊಂಡೊ ಎಂಬಾತನು ಆವಿಯ ಬಲದಿಂದ ಬೇಗನೆ ಕಾಫಿಯನ್ನಿಳಿಸುವ ಯಂತ್ರವೊಂದನ್ನು ತೋರಿಸಿದನು. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಎಂಬಾತನು ಒಂದೊಂದು ಬಟ್ಟಲಿಗೂ ಬೇರೆ ಬೇರೆಯಾಗಿ ಕಾಫಿಯಿಳಿಸುವ ಯಂತ್ರಕ್ಕೆ ಹಕ್ಕುಪತ್ರವನ್ನು ಬೇಡಿದನು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಅಕಿಲ್ಲೆ ಗಾಜ್ಜಿಯ ಎಂಬಾತನ ಸನ್ನೆಗೋಲಿನ ಯಂತ್ರವು ಆವಿಯ ಒತ್ತಡವನ್ನು ನೆಚ್ಚದೆ ಬಿಸಿನೀರನ್ನೇ ಪುಡಿಯೊಳಗೆ ನೂಕಿತು. 1961ರಲ್ಲಿ ಬಂದ ಫಾಯೇಮ ಸಂಸ್ಥೆಯ ಯಂತ್ರದಲ್ಲಿ ಆ ನೂಕುವ ಕೆಲಸವು ವಿದ್ಯುತ್ ಪಂಪಿನ ಪಾಲಾಯಿತು. ಈಗ ಮನೆಗಳಿಗೆ ಬಂದಿರುವ ಪುಟ್ಟ ಯಂತ್ರಗಳ ವಂಶಾವಳಿ ಇದೇ. ವಾಯುಮಂಡಲದ ಒತ್ತಡದ ಸುಮಾರು ಒಂಬತ್ತು ಪಟ್ಟು ಒತ್ತಡದಲ್ಲಿ, 90 ಡಿಗ್ರಿಗೆ ಮೇಲ್ಪಟ್ಟು ಕಾದ ನೀರು, ಅರ್ಧ ನಿಮಿಷದೊಳಗೆ ಪುಡಿಯ ಸಾರವನ್ನೆಲ್ಲ ಬಟ್ಟಲಿಗಿಳಿಸುತ್ತದೆ. ಭಾರತದಿಂದ ಹೊರಹೋಗುವ ಕಾಫಿಗೆ ಬಹುಕಾಲದಿಂದ ಇಟಲಿಯೇ ದೊಡ್ಡ ಗಿರಾಕಿಯಾಗಿದೆ. ಕೊಡಗು ಚಿಕ್ಕಮಗಳೂರುಗಳ ಬೀಜವು ಅಲ್ಲಿಗೆ ಹೋದುದಕ್ಕೆ ಪ್ರತಿಯಾಗಿ ಅಲ್ಲಿನ ಯಂತ್ರವು ಇಲ್ಲಿಗೆ ಬಂದುದನ್ನು ಒಂದು ಬಗೆಯ ಋಣಸಂದಾಯವೆಂದೇ ಭಾವಿಸಬಹುದು.

ಈ ಯಂತ್ರದ ಹೃದಯದಲ್ಲಿ ಹಿತ್ತಾಳೆಯ ಒಂದು ಪುಟ್ಟ ಹಂಡೆಯಿದೆ. ಅದರೊಳಗೆ ಬಾಗಿದ ಕೊಳವೆಯ ರೂಪದಲ್ಲಿ ನೀರು ಕಾಯಿಸುವ ಅಂಗವು ಮುಳುಗಿಕೊಂಡಿರುತ್ತದೆ. ಅದನ್ನು ಎಲಿಮೆಂಟು ಎಂದು ಕರೆಯುತ್ತಾರೆ. ಹೊರಗೆ ತಾಮ್ರದ ಕವಚ. ಒಳಗೆ ನಿಕ್ಕಲ್ ಕ್ರೋಮಿಯಮ್ಮುಗಳ ಮಿಶ್ರಲೋಹದ ಸಣ್ಣ ತಂತಿಯ ಸುರುಳಿ. ಇವೆರಡರ ನಡುವೆ ಗಟ್ಟಿಯಾಗಿ ತುಂಬಿದ ಮೆಗ್ನೀಸಿಯಮ್ ಆಕ್ಸೈಡಿನ ಬಿಳಿಯ ಪುಡಿ. ತಂತಿಯಲ್ಲಿ ಹರಿಯುವ ವಿದ್ಯುತ್ತು ಅದರ ವಿರೋಧವನ್ನು ಎದುರಿಸಿ ಶಾಖವಾಗುತ್ತದೆಂಬ ನಿಯಮವನ್ನು ಆಂಗ್ಲೇಯನಾದ ಜೂಲನು 1841ರಲ್ಲಿ ಪ್ರಕಟಿಸಿದನು. ಕೆಂಪಗೆ ಕಾದರೂ ಬೇಗ ತುಕ್ಕು ಹಿಡಿಯದ ಈ ಮಿಶ್ರಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷನು 1906ರಲ್ಲಿ ಹಕ್ಕುಪತ್ರ ಪಡೆದನು. ನಡುವಣ ಬಿಳಿಯ ಪುಡಿಯ ಗುಣವು ಇವೆಲ್ಲಕ್ಕಿಂತ ವಿಚಿತ್ರವಾದುದು. ಅದು ಶಾಖವನ್ನು ಹೊರಕ್ಕೆ ಬಿಡುತ್ತದೆ, ವಿದ್ಯುತ್ತನ್ನು ಬಿಡುವುದಿಲ್ಲ. ಹೋಗಬೇಕಾದವರನ್ನು ಹೋಗಗೊಟ್ಟು ಹೋಗಬಾರದವರನ್ನು ತಡೆಯುವ ವಿವೇಕಿಯಾದ ದ್ವಾರಪಾಲಕನಂತೆ ಅದು ನಿಂತಿರುತ್ತದೆ. ಈ ದ್ವಾರಪಾಲಕನಿಗೆ ಒಂದೇ ದೌರ್ಬಲ್ಯ. ತೇವವು ಸೋಕಿದರೆ ಅದನ್ನು ಹೀರಿಕೊಂಡು ವಿದ್ಯುತ್ತಿಗೂ ದಾರಿ ಬಿಟ್ಟುಕೊಡುತ್ತದೆ.

ಮೇಲೆ ಹೇಳಿದ ಗೃಹಸ್ಥರ ಮನೆಯಲ್ಲಿ ಒಂದು ಬೆಳಗ್ಗೆ ಯಂತ್ರದ ಗುಂಡಿಯನ್ನೊತ್ತಿದ ಕೂಡಲೆ ಮನೆಯ ದೀಪಗಳೆಲ್ಲ ಆರಿದುವು. ವಿದ್ಯುತ್ತು ಬರುವ ತಾವಿನಲ್ಲಿದ್ದ ಕಾವಲು ಸ್ವಿಚ್ಚು ತಾನಾಗಿಯೇ ಕೆಳಗೆ ಬಿದ್ದಿತ್ತು. ಮೇಲೆತ್ತಿದರೆ ದೀಪ ಬರುವುದು, ಯಂತ್ರವನ್ನು ಹಾಕಿದರೆ ಮತ್ತೆ ಬೀಳುವುದು. ಈ ಸ್ವಿಚ್ಚಿನ ಕೆಲಸವು ಲೆಕ್ಕಿಗನ ಕೆಲಸದಂಥದು. ಮನೆಯೊಳಗೆ ಹೋದ ವಿದ್ಯುತ್ತೆಷ್ಟು, ಹಿಂದಿರುಗಿ ಬಂದುದೆಷ್ಟು ಎಂಬುದನ್ನು ಅದು ಸದಾ ತೂಗಿ ನೋಡುತ್ತಿರುತ್ತದೆ. ಮನೆಗಳಲ್ಲಿ ಇಡುವ ಬಗೆಯದರಲ್ಲಿ ಈ ವ್ಯತ್ಯಾಸವು 30 ಮಿಲಿಆಂಪಿಯರಿಗೆ ಬರುವಷ್ಟರಲ್ಲಿ ಅದು ಮನೆಯ ಸಂಪರ್ಕವನ್ನೇ ಕಡಿದುಬಿಡುತ್ತದೆ. ಲೆಕ್ಕಕ್ಕೆ ಸಿಕ್ಕದ ಆ ವಿದ್ಯುತ್ತು ಬೇರೆಲ್ಲೋ ದಾರಿ ಮಾಡಿಕೊಂಡು ಭೂಮಿಗೆ ಹೋಗುತ್ತಿದೆಯೆಂದೇ ಅದರ ಅರ್ಥ. ಆ ದಾರಿಯು ಒಬ್ಬ ಮನುಷ್ಯನ ಶರೀರವೂ ಆಗಿರಬಹುದು.

ಗೃಹಸ್ಥರ ನೆರೆಯವರೊಬ್ಬರು ತಂತಿ ಸ್ವಿಚ್ಚುಗಳ ವಿಷಯದಲ್ಲಿ ಕೈಪಳಗಿದವರು, ಪರೋಪಕಾರಿಗಳು. ಅವರು ಯಂತ್ರವನ್ನು ತಮ್ಮ ಮನೆಗೆ ಹೊತ್ತುಕೊಂಡು ಹೋಗಿ, ಮೂರನೆಯ ಕಾಲಿಲ್ಲದ ಪ್ಲಗ್ಗೊಂದಕ್ಕೆ ಜೋಡಿಸಿದರು. ಆ ಮನೆಯಲ್ಲಿ ಕಾವಲು ಸ್ವಿಚ್ಚು ಇರಲಿಲ್ಲ. ಯಂತ್ರವು ನಿರಾತಂಕವಾಗಿ ಕಾದು, ಸೊಗಸಾದ ನೊರೆಯುಳ್ಳ ಕಾಫಿಯನ್ನು ಕೊಟ್ಟಿತು. ಯಂತ್ರಕ್ಕೆ ರೋಗವಿಲ್ಲ, ನಿಮ್ಮ ಸ್ವಿಚ್ಚಿಗೇ ಅತಿಸಂಶಯದ ರೋಗ, ಭೂಮಿಯ ತಂತಿಯನ್ನು ಕಳಚಿಬಿಟ್ಟರೆ ಎಲ್ಲ ನೆಟ್ಟಗಾಗುತ್ತದೆ ಎಂದು ಅವರು ತೀರ್ಪು ಕೊಟ್ಟರು. ಪ್ರತ್ಯಕ್ಷವಾಗಿ ಬಟ್ಟಲಲ್ಲಿ ಕಾಫಿಯಿರುವಾಗ ಈ ತೀರ್ಪನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ. ಗೃಹಿಣಿಯು ಮಾತ್ರ ಕಾಫಿಯನ್ನು ಕುಡಿದು, "ಕಾವಲಿನವನು ಕೂಗಿದ್ದೇಕೆ ಎಂದು ತಿಳಿಯುವ ಮೊದಲೇ ಅವನ ಬಾಯಿ ಕಟ್ಟುವುದೇ?" ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಸಿಕ್ಕುವವರೆಗೆ ಯಂತ್ರವನ್ನು ಮುಟ್ಟಬಾರದೆಂದು ಗೃಹಸ್ಥರು ನಿಶ್ಚಯಿಸಿದರು.

ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದನ್ನು ತರ್ಕಶಾಸ್ತ್ರದವರು ಮೊದಲ ಪಾಠದಲ್ಲಿಯೇ ಹೇಳಿಕೊಡುತ್ತಾರೆ. ಇಲ್ಲಿ ಹೊಗೆಯಿಲ್ಲ, ಇದ್ದ ಲಿಂಗವೊಂದೇ, ಸ್ವಿಚ್ಚಿನ ಪತನ. ಆದರೆ ಅದೇ ಶಾಸ್ತ್ರದ ಅನ್ವಯವ್ಯತಿರೇಕಗಳು ಇಲ್ಲಿಯೂ ಕೆಲಸಕ್ಕೆ ಬಂದುವು. ಗೃಹಸ್ಥರು ಪ್ಲಗ್ಗನ್ನು ಗೋಡೆಯಿಂದ ಕಿತ್ತಿಟ್ಟು, ಯಂತ್ರವು ಪೂರ್ತಿಯಾಗಿ ಆರಿದ ಮೇಲೆ ಮೇಲಿನ ಹೊದಿಕೆಯನ್ನು ಬಿಚ್ಚಿದರು. ಎಲಿಮೆಂಟಿನ ಎರಡು ತಂತಿಗಳನ್ನೂ ಕಳಚಿ, ಅವುಗಳ ತುದಿಗಳಿಗೆ ಬೇರೆ ಬೇರೆಯಾಗಿ ಹೊದಿಕೆ ಸುತ್ತಿ, ಯಂತ್ರದ ಕವಚವನ್ನು ಮುಚ್ಚಿ, ದೂರದಲ್ಲಿ ನಿಂತು ವಿದ್ಯುತ್ತನ್ನು ಕೊಟ್ಟರು. ಕಾವಲು ಸ್ವಿಚ್ಚು ಬೀಳಲಿಲ್ಲ. ಎಲಿಮೆಂಟು ಇದ್ದರೆ ಬೀಳುವುದು, ಇಲ್ಲದಿದ್ದರೆ ಬೀಳದಿರುವುದು. ಪಂಪು, ದೀಪ, ಗುಂಡಿಗಳೆಲ್ಲ ನಿರ್ದೋಷಿಗಳೆಂದು ಇಷ್ಟರಿಂದ ತೀರ್ಮಾನವಾಯಿತು. ಮತ್ತೆ ಪ್ಲಗ್ಗನ್ನು ಕಿತ್ತು ಅಳೆಯುವ ಮೀಟರನ್ನು ಹಿಡಿದರು. 230 ವೋಲ್ಟಿನಲ್ಲಿ 1200 ವಾಟಿನ ಎಲಿಮೆಂಟಿಗೆ ಸುಮಾರು 44 ಓಮಿನಷ್ಟು ವಿರೋಧವಿರಬೇಕು. ಎರಡು ತುದಿಗಳ ನಡುವೆ ಅಷ್ಟೇ ಇತ್ತು. ಎಂದರೆ ಒಳಗಿನ ಸುರುಳಿ ಅಖಂಡವಾಗಿದೆ. ನೆರೆಯವರ ಮನೆಯಲ್ಲಿ ಕಾಫಿ ಬಂದುದಕ್ಕೆ ಇದೇ ಕಾರಣ. ಅನಂತರ ಒಂದು ತುದಿಗೂ ಹೊರಗಿನ ತಾಮ್ರದ ಕವಚಕ್ಕೂ ನಡುವೆ ಅಳೆದರು. ಅಲ್ಲಿ ಮೀಟರು ಅಪಾರವಾದ ವಿರೋಧವನ್ನು ತೋರಿಸಬೇಕಾಗಿತ್ತು. ತೋರಿಸಿದುದು ಕೆಲವೇ ಸಾವಿರ ಓಮುಗಳನ್ನು. ದ್ವಾರಪಾಲಕನು ಶತ್ರುವಿಗೆ ಬಾಗಿಲು ತೆರೆದಿದ್ದನು. ಭೂಮಿಯ ತಂತಿಯನ್ನು ಕಳಚಿದ ಪಕ್ಷಕ್ಕೆ ಯಂತ್ರದ ಹೊಳೆಯುವ ಉಕ್ಕಿನ ಮೈಯೆಲ್ಲ ವಿದ್ಯುತ್ತನ್ನು ಧರಿಸಿಕೊಂಡು, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಅದನ್ನು ಮುಟ್ಟುವವರಿಗಾಗಿ ಕಾದಿರುತ್ತಿತ್ತು. ಆ ಮನೆಯಲ್ಲಿ ಬೆಳಗಿನ ಕಾಫಿಗಾಗಿ ಮೊದಲು ಅಡಿಗೆಮನೆಗೆ ಬರುತ್ತಿದ್ದವರು ಗೃಹಿಣಿಯೇ.

ಹೊಸ ಎಲಿಮೆಂಟನ್ನು ತರಿಸಲು ಬರೆದದ್ದಾಯಿತು. ಅದು ಬರುವವರೆಗೆ ಹಂಡೆಯ ನೀರನ್ನು ಬಸಿದು ಯಂತ್ರವನ್ನು ಬೇಸಗೆಯ ಗಾಳಿಗೆ ತೆರೆದಿಟ್ಟಿದ್ದರು. ವಾರದ ಮೇಲೆ ಕುತೂಹಲದಿಂದ ಅಳೆದು ನೋಡಿದರೆ ಆಶ್ಚರ್ಯ! ಸೋರಿಕೆಯ ಸುಳಿವೇ ಇರಲಿಲ್ಲ. ನೀರು ತುಂಬಿ ನಡೆಸಿದರೆ ಕಾವಲು ಸ್ವಿಚ್ಚೂ ಸುಮ್ಮನಿತ್ತು. ರೋಗವು ತಾನಾಗಿಯೇ ವಾಸಿಯಾಯಿತೆಂದು ಮನೆಯವರೆಲ್ಲ ನಂಬಿದರು. ಮೂರು ದಿನ ಕಾಫಿಯೂ ಆಯಿತು. ನಾಲ್ಕನೆಯ ದಿನ ದೀಪಗಳು ಮತ್ತೆ ಆರಿದುವು. ಕಾರಣವು ಸ್ಪಷ್ಟವಾಗಿತ್ತು. ಬಿಳಿಯ ಪುಡಿಯ ತೇವವು ಆರಿದಾಗ ಸೋರಿಕೆ ನಿಂತಿತು. ಕವಚದ ರಂಧ್ರ ಹಾಗೆಯೇ ಉಳಿದಿದ್ದುದರಿಂದ ನೀರು ಮತ್ತೆ ಒಳಹೊಕ್ಕಿತು. ನೈಯಾಯಿಕರು ಹೇತ್ವಾಭಾಸವೆಂದು ಕರೆಯುವ ಹುಸಿಕಾರಣಕ್ಕೆ ಮನೆಯವರೆಲ್ಲ ಮರುಳಾಗಿದ್ದರು. ಇದಲ್ಲದೆ ಕೈಮೀಟರು ಕೆಲವೇ ವೋಲ್ಟುಗಳಿಂದ ಅಳೆಯತಕ್ಕದ್ದು; ಸಣ್ಣ ಶಕ್ತಿಗೆ ಮಣಿಯದ ತಡೆಯು ದೊಡ್ಡ ಶಕ್ತಿಗೆ ಮಣಿಯುವುದುಂಟು. ಆದುದರಿಂದ ಈ ಪರೀಕ್ಷೆಗೆ 500 ವೋಲ್ಟಿನಿಂದ ಅಳೆಯುವ ಮೆಗ್ಗರೆಂಬ ಉಪಕರಣವೇ ಪ್ರಮಾಣ.

ಹೊಸದು ಬಂದ ದಿನ ಹಂಡೆಯ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿ ಹಳೆಯದನ್ನು ಹೊರತೆಗೆದರು. ತಾಮ್ರದ ಬಣ್ಣವೇ ಕಾಣದಂತೆ ಅದರ ಮೈಮೇಲೆ ಸುಣ್ಣದ ಚಿಪ್ಪು ಕಟ್ಟಿತ್ತು. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಮ್ ಬೈಕಾರ್ಬೊನೇಟು ಕರಗಿರುತ್ತದೆ. ಕಾಯಿಸಿದಾಗ ಅದು ಒಡೆದು ಕರಗದ ಕಾರ್ಬೊನೇಟಾಗಿ, ಎಲ್ಲಿ ಶಾಖ ಹೆಚ್ಚೋ ಅಲ್ಲಿಯೇ ಅಂಟಿಕೊಳ್ಳುತ್ತದೆ. ತಾಮ್ರವು ಶಾಖವನ್ನು ಸಾಗಿಸುವುದಕ್ಕೂ ಈ ಚಿಪ್ಪು ಸಾಗಿಸುವುದಕ್ಕೂ ನೂರಾರು ಪಟ್ಟು ವ್ಯತ್ಯಾಸವುಂಟು. ಶಾಖವು ನೀರಿಗೆ ಹೋಗಲಾರದೆ ಕವಚದಲ್ಲಿಯೇ ನಿಂತು ಅದನ್ನು ಬೇಯಿಸುತ್ತದೆ, ಕೊನೆಗೆ ಸೀಳುತ್ತದೆ. ಲೀಟರು ನೀರಿಗೆ ಎರಡು ಚಮಚ ಸಿಟ್ರಿಕ್ ಆಮ್ಲವನ್ನು ಕರಗಿಸಿ ಅದರಲ್ಲಿ ನೆನೆಯಿಟ್ಟಾಗ ಚಿಪ್ಪು ಗುಳ್ಳೆಗುಳ್ಳೆಯಾಗಿ ಕರಗಿತು. ಕೊಳವೆಯು ಬಾಗಿದ ತಿರುವಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕೊಂದು ಕಂಡಿತು. ಮನೆಯ ದೀಪಗಳನ್ನೆಲ್ಲ ಆರಿಸಿದ ಅಪರಾಧಿಯು ಅಷ್ಟೇ ಗಾತ್ರದವನು.

ಮುಂದಿನ ಕೆಲಸಕ್ಕೆ ಬುದ್ಧಿಗಿಂತ ಹೆಚ್ಚಾಗಿ ತಾಳ್ಮೆ ಬೇಕಾಯಿತು. ಹಂಡೆಯ ಒಳಗನ್ನೂ ಅದೇ ಆಮ್ಲದ ನೀರಿನಿಂದ ತೊಳೆದದ್ದಾಯಿತು. ಹಳೆಯ ಗ್ಯಾಸ್ಕೆಟ್ಟನ್ನು ಬಿಸಾಡಿ ಹೊಸದನ್ನು ಕೂರಿಸಿದರು. ಬೋಲ್ಟುಗಳನ್ನು ಒಂದಾದ ಮೇಲೊಂದು ಸುತ್ತಲೂ ಬಿಗಿಯದೆ, ಎದುರುಬದುರಿನವನ್ನು ಸ್ವಲ್ಪಸ್ವಲ್ಪವಾಗಿ ಬಿಗಿದರು. ಹಾಗೆ ಮಾಡದಿದ್ದರೆ ಮುಚ್ಚಳವು ಓರೆಯಾಗಿ ಕೂತು ಒತ್ತಡದಲ್ಲಿ ಸೋರುತ್ತದೆ. ಹಂಡೆಯ ಮೈಗೆ ಅಂಟಿದ್ದ ಶಾಖದ ಫ್ಯೂಸು ಕೆಟ್ಟಿರಲಿಲ್ಲವಾದುದರಿಂದ ಅದನ್ನು ಹಾಗೆಯೇ ಉಳಿಸಿದರು. ತಂತಿಗಳ ತುದಿಗಳಿಗೆ ಬೆಸುಗೆಯನ್ನು ಹಾಕದೆ ಅಮುಕಿ ಹಿಡಿಯುವ ಲೋಹದ ಕೊಂಡಿಗಳನ್ನು ಹಾಕಿದರು; ಶಾಖವಿರುವ ಸ್ಥಳದಲ್ಲಿ ಬೆಸುಗೆಯನ್ನು ನಂಬತಕ್ಕದ್ದಲ್ಲ. ಭೂಮಿಯ ತಂತಿಯು ಹಂಡೆಗೂ ಹೊರಮೈಗೂ ಭದ್ರವಾಗಿ ಕೂಡಿದೆಯೇ ಎಂದು ಅಳೆದರು. ಹಂಡೆಯಲ್ಲಿ ನೀರು ತುಂಬದೆ ವಿದ್ಯುತ್ತನ್ನು ಕೊಟ್ಟರೆ ಹೊಸ ಎಲಿಮೆಂಟು ನಿಮಿಷಗಳಲ್ಲಿ ಸುಟ್ಟುಹೋಗುವುದರಿಂದ ಮೊದಲು ಕಾಯಿಸುವ ತಂತಿಯನ್ನು ಕೂಡಿಸದೆ ಪಂಪಿನಿಂದ ನೀರನ್ನೆತ್ತಿ, ಆವಿಯ ನಳದಲ್ಲಿ ನೀರು ಬಂದುದನ್ನು ಕಂಡು, ಪ್ಲಗ್ಗನ್ನು ಕಿತ್ತು, ಆಮೇಲೆ ಆ ತಂತಿಯನ್ನು ಕೂಡಿಸಿದರು.

ಇಷ್ಟಾದರೂ ಅವರು ಯಂತ್ರವನ್ನು ನಡೆಸಲಿಲ್ಲ. ಪೇಟೆಯ ವಿದ್ಯುತ್ ಕೆಲಸದವರಲ್ಲಿಗೆ ಅದನ್ನು ಒಯ್ದು ಮೆಗ್ಗರಿನಿಂದ ಪರೀಕ್ಷೆ ಮಾಡಿಸಿದರು. ಇಂಥ ಪರೀಕ್ಷೆಯಲ್ಲಿ ಒಂದು ಮೆಗಾಓಮಿಗಿಂತ ಕಡಮೆ ಬಂದರೆ ಆ ಯಂತ್ರವನ್ನು ಬಳಸತಕ್ಕದ್ದಲ್ಲ. ಇದರಲ್ಲಿ ಅದಕ್ಕಿಂತ ಬಹಳ ಹೆಚ್ಚಾಗಿಯೇ ಬಂದಿತು. ತನ್ನ ಕೈಕೆಲಸವನ್ನು ಪರರ ಪರೀಕ್ಷೆಗೆ ಒಡ್ಡುವುದರಲ್ಲಿ ಲಾಘವವೇನೂ ಇಲ್ಲ. ಗ್ರಂಥವನ್ನು ನಕಲುಮಾಡಿದ ಲಿಪಿಕಾರನು ಬೇರೊಬ್ಬರಿಂದ ಓದಿಸಿ ತಾಳೆನೋಡುವುದು ಪೂರ್ವದಿಂದಲೂ ಬಂದ ಮರ್ಯಾದೆಯೇ ಆಗಿದೆ. ಮನೆಯಲ್ಲಿಯೇ ಯಂತ್ರವನ್ನು ಬಿಚ್ಚುವವರು ಎಲ್ಲಿಯವರೆಗೆ ತಾವೇ ಮಾಡಬಹುದು, ಎಲ್ಲಿ ಬಲ್ಲವರನ್ನು ಕೇಳಬೇಕು ಎಂಬ ಎಲ್ಲೆಯನ್ನು ಮೊದಲೇ ಗುರುತಿಸಿಕೊಂಡಿರುವುದು ಮೇಲು. ಮೀಟರನ್ನು ಓದಲು ಬಾರದವರು ಮುಚ್ಚಳವನ್ನೇ ತೆಗೆಯದಿರುವುದು ಇನ್ನೂ ಮೇಲು.

ಈ ಜೀರ್ಣೋದ್ಧಾರದಿಂದ ಆ ಮನೆಗೆ ಯಂತ್ರವು ಮರಳಿ ದೊರೆತುದು ಸಣ್ಣ ಲಾಭ. ದೇವಾಲಯದ ಗೋಡೆ ಬಿರುಕುಬಿಟ್ಟಾಗ ಬಲ್ಲ ಸ್ಥಪತಿಯು ಗಾರೆ ಬಳಿಯುವ ಮೊದಲು ಅಡಿಪಾಯವನ್ನು ನೋಡುತ್ತಾನೆ. ಗೃಹಸ್ಥರೂ ಹಾಗೆಯೇ ಹಂಡೆಯಿಂದಾಚೆಗೆ ನೋಡಿದರು. ಕಾಫಿಗೆ ಈಗ ಕೊಳವೆಬಾವಿಯ ನೀರನ್ನು ಹಾಕುವುದಿಲ್ಲ. ಸಂಗ್ರಹಿಸಿ ಸೋಸಿದ ಮಳೆಯ ನೀರನ್ನು ಸ್ವಲ್ಪವೇ ಬಾವಿಯ ನೀರಿನೊಡನೆ ಬೆರೆಸಿ ಹಾಕುತ್ತಾರೆ. ಅದಕ್ಕಿಂತ ಗುರುತರವಾದ ವಿಷಯವೊಂದು ಅವರ ಮನಸ್ಸನ್ನು ಕೊರೆಯುತ್ತಿತ್ತು. ಕಾಫಿ ಚೆನ್ನಾಗಿ ಬಂದ ನೆರೆಯ ಮನೆಯಲ್ಲಿ ಕಾವಲಿನವನೇ ಇರಲಿಲ್ಲ; ಅಲ್ಲಿಯೂ ನೀರು ಕಾಯಿಸುವ ಹಂಡೆ, ಬಟ್ಟೆ ಒಗೆಯುವ ಯಂತ್ರ, ಓಡಾಡುವ ಮಕ್ಕಳು ಇದ್ದರು. ಹಳೆಯ ಎಲಿಮೆಂಟನ್ನು ಕೈಯಲ್ಲಿ ಹಿಡಿದು ಗೃಹಸ್ಥರು ಅಲ್ಲಿಗೆ ಹೋಗಿ ಆ ಕೂದಲೆಳೆಯ ಬಿರುಕನ್ನು ತೋರಿಸಿದರು. ನೆರೆಯವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಮಾತೇನೂ ಆಡಲಿಲ್ಲ. ಆ ತಿಂಗಳೊಳಗಾಗಿ ಅವರ ಮನೆಗೂ ಭೂಮಿಯ ತಂತಿ ಬಂದಿತು, ಕಾವಲು ಸ್ವಿಚ್ಚೂ ಬಂದಿತು. ಅಂಥ ಸ್ವಿಚ್ಚಿನ ಮೇಲೆ ಪರೀಕ್ಷೆಗಾಗಿ ಒಂದು ಸಣ್ಣ ಗುಂಡಿಯಿರುತ್ತದೆ. ಪ್ರತಿ ತಿಂಗಳ ಮೊದಲ ದಿನ ಎರಡು ಮನೆಗಳಲ್ಲಿಯೂ ಅದನ್ನು ಒತ್ತುತ್ತಾರೆ. ದೀಪಗಳು ಒಂದು ಕ್ಷಣ ಆರುತ್ತವೆ. ಕಾವಲಿನವನು ಎಚ್ಚರವಾಗಿದ್ದಾನೆಂದು ತಿಳಿದು ಮತ್ತೆ ಹಚ್ಚುತ್ತಾರೆ.